ಬುಗುರಿಯ ತಾಯಿ

ಜೂನ್ ೧೪

ಅತ್ತೆಯವರಿಗೆ ನಮಸ್ಕಾರ.

ಸುಖವಾಗಿ ತಲುಪಿದೆ. ಎರಡು ರೈಲು ಬದಲಾಯಿಸಿ, ಕೊನೆಯ ಬಸ್ಸಿನಲ್ಲಿ ನಿಂತೇ ಬಂದದ್ದಕ್ಕೆ ಕಾಲು ಊದಿಕೊಂಡಿದೆ, ಅಷ್ಟೇ. ಬಟ್ಟೆ ಒಗೆಯುವ ಅಂಗಡಿಯ ಮೇಲೆ ಒಂದು ಕೋಣೆ ಸಿಕ್ಕಿದೆ. ಕೆಳಗೆ ಇಸ್ತ್ರಿ ಯಂತ್ರ ಉಸ್ಸೆಂದಾಗಲೆಲ್ಲ ನನ್ನ ನೆಲ ಬೆಚ್ಚಗಾಗುತ್ತದೆ.

ಕಾಲೇಜು ಅಂದರೆ ಟೈರ್ ಅಂಗಡಿಯ ಮೇಲಿನ ಎರಡು ಮಹಡಿ. ಮೆಡಿಕಲ್ ಅಸಿಸ್ಟೆಂಟ್ ತರಗತಿಯಲ್ಲಿ ಇಪ್ಪತ್ತೆರಡು ಜನ ಇದ್ದೇವೆ. ಇಪ್ಪತ್ತೊಂಬತ್ತು ವಯಸ್ಸಿನವಳು ನಾನೊಬ್ಬಳೇ. ಉಳಿದವರು ಆಗಲೇ ‘ಆಂಟಿ’ ಎಂದು ಕರೆಯಲು ಶುರುಮಾಡಿದ್ದಾರೆ. ಪಾಠ ಹೇಳುವವರು ಸೈನ್ಯದ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಿಯಾದವರು, ಸಿಸ್ಟರ್ ಎನ್ನುತ್ತೇವೆ. ಮೊದಲ ದಿನವೇ ಹೇಳಿಬಿಟ್ಟರು: “ನೀವು ಡಾಕ್ಟ್ರೂ ಅಲ್ಲ, ನರ್ಸೂ ಅಲ್ಲ. ಆದ್ರೆ ಪೇಷೆಂಟು ಒಳಗೆ ಬರೋವಾಗ ನೋಡೋದು ನಿಮ್ಮ ಮುಖ, ಹೋಗೋವಾಗ ನೋಡೋದೂ ನಿಮ್ಮ ಮುಖಾನೇ. ಮುಖ ಸರಿಯಾಗಿ ಇಟ್ಕೊಳಿ.” ಕೆಲಸ ಕೊಡಿಸುವ ಸಾರ್ ಬೇರೆ ಒಬ್ಬರಿದ್ದಾರೆ. “ಹತ್ತು ತಿಂಗಳು ಕಣ್ಮುಚ್ಚಿ ಓದಿ, ಕೆಲಸಾನೇ ನಿಮ್ಮನ್ನ ಹುಡುಕ್ಕೊಂಡು ಬರುತ್ತೆ” ಎಂದರು.

ನನ್ನ ಬುಗುರಿ ಹೇಗಿದ್ದಾಳೆ? ಮಲಗುವಾಗ ಅವಳಿಗೆ ಹಿಡಿದುಕೊಳ್ಳಲು ಒಂದು ಕಿವಿ ಬೇಕು. ನಿಮ್ಮದೋ ಅಕ್ಕನದೋ ಕೊಡಿ. ಭಾನುವಾರ ಫೋನ್ ಮಾಡುತ್ತೇನೆ, ಅವಳ ಕೈಗೆ ಕೊಡಿ.

ನಿಮ್ಮ ಚಿಕ್ಕ ಸೊಸೆ

—

ಜೂನ್ ೨೬

ಚಿಕ್ಕ ಸೊಸೆಗೆ,

ಕಾಗದ ಬಂತು, ತಡವಾಗಿ ಬಂತು. ವಿಳಾಸದಲ್ಲಿ ಒಂದು ಅಂಕೆ ತಪ್ಪು. ಮೂವತ್ತೆರಡು ವರ್ಷ ಅಂಚೆ ಕಚೇರಿಯಲ್ಲಿ ಕೂತು ಪರರ ಕಾಗದ ವಿಂಗಡಿಸಿದವಳ ಮನೆಗೇ ತಪ್ಪು ವಿಳಾಸ ಬರೆದವಳು ನೀನು. ಇನ್ನು ರೋಗಿಗಳ ಔಷಧಿ ಚೀಟಿ ನಿನ್ನ ಕೈಗೆ ಸಿಕ್ಕರೆ ಅವರನ್ನು ದೇವರೇ ಕಾಯಬೇಕು.

ಡಾಕ್ಟರೂ ಅಲ್ಲ, ನರ್ಸೂ ಅಲ್ಲ ಎಂದು ನಿಮ್ಮ ಸಿಸ್ಟರೇ ಹೇಳಿದ್ದು ಒಳ್ಳೆಯದಾಯಿತು. ನಾನು ಹೇಳಿದ್ದರೆ ಅತ್ತೆಯ ಬಾಯಿ ಎನ್ನುತ್ತಿದ್ದೆ.

ಭಾನುವಾರ ನೀನು ಫೋನ್ ಮಾಡಿದ ಮೇಲೆ ಮಗು ಮಂಚದ ಕೆಳಗೆ, ಬೀರುವಿನ ಒಳಗೆ, ಕೊನೆಗೆ ನೀರಿನ ಡ್ರಮ್ಮಿನ ಮುಚ್ಚಳ ತೆಗೆದೂ ನಿನ್ನನ್ನು ಹುಡುಕಿತು. ಸಂಜೆಯವರೆಗೆ ಅತ್ತು ವಾಂತಿ ಮಾಡಿಕೊಂಡಿತು. ಒರೆಸಿದ್ದು ನಿನ್ನ ಓರಗಿತ್ತಿ. ಇನ್ನು ಫೋನ್ ಬೇಡ. ಕಾಗದ ಬರೆ, ನಾನು ಓದಿ ಹೇಳುತ್ತೇನೆ. ಮೂರು ವರ್ಷದ ಕೂಸಿಗೆ ದನಿ ಕೇಳಿಸಿ ಮುಖ ಮರೆಮಾಡುವುದು ಪಾಪದ ಕೆಲಸ.

ನಿನ್ನ ಅತ್ತೆ

—

ಸೆಪ್ಟೆಂಬರ್ ೩

ಅತ್ತೆಯವರಿಗೆ ನಮಸ್ಕಾರ.

ನೀವು ಹೇಳಿದ ಹಾಗೆ ಫೋನ್ ಮಾಡಿಲ್ಲ. ಬುಗುರಿಗೆಂದು ಬರೆದ ಎಂಟು ಕಾಗದಗಳನ್ನೂ ಓದಿ ಹೇಳಿರುತ್ತೀರಿ ಎಂದುಕೊಂಡಿದ್ದೇನೆ. ಅವಳು ಏನೆಂದಳು ಎಂದು ಒಂದು ಸಾಲು ಬರೆಯಿರಿ.

ಈ ವಾರ ಬಿ.ಪಿ. ನೋಡುವುದನ್ನು ಕಲಿಸಿದರು. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮೊಣಕೈಯ ಒಳಗೆ ಸ್ಟೆತಾಸ್ಕೋಪ್ ಇಟ್ಟು, ಗಾಳಿ ಬಿಡುತ್ತಾ ಕೇಳಬೇಕು. ಮೊದಲು ಏನೂ ಕೇಳಿಸುವುದಿಲ್ಲ. ಆಮೇಲೆ ಯಾರೋ ದೂರದ ಬಾಗಿಲು ತಟ್ಟಿದ ಹಾಗೆ ಶುರುವಾಗುತ್ತದೆ. ತಟ್ಟಿದ್ದು ಮೇಲಿನ ಅಂಕೆ, ನಿಂತದ್ದು ಕೆಳಗಿನ ಅಂಕೆ. ನನ್ನ ಜೋಡಿಯಾಗಿ ಕೂತ ಹುಡುಗಿಯದು ತುಂಬ ಕಡಿಮೆ ಬಂತು. ತಲೆ ಸುತ್ತುತ್ತಾ ಎಂದು ಸಿಸ್ಟರ್ ಕೇಳಿದರೆ ಹೌದೆಂದಳು. ಮಲಗಿಸಿ, ಕಾಲು ಎತ್ತರದಲ್ಲಿಟ್ಟು, ನೀರು ಕುಡಿಸಿದರು. “ಇವ್ಳನ್ನ ಇವತ್ತು ಏಣಿ ಹತ್ತಿಸಿದ್ರೆ ನಾಳೆ ಫೋಟೋಗೆ ಹಾರ ಹಾಕ್ಬೇಕಾಗ್ತಿತ್ತು” ಎಂದರು. ತರಗತಿಯೆಲ್ಲ ನಕ್ಕಿತು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಅತ್ತೆ, ನಿಮಗೆ ಇವತ್ತಿನವರೆಗೆ ಹೇಳದ ಒಂದು ಮಾತಿದೆ. ಆ ದಿನ ಬೆಳಿಗ್ಗೆ ಇವರು ಎದ್ದವರೇ ತಲೆ ಸುತ್ತುತ್ತದೆ ಎಂದರು, ಗೋಡೆ ಹಿಡಿದುಕೊಂಡರು. ನಾನು “ನಾಟಕ ಸಾಕು, ಟೀ ಕುಡಿದು ಹೊರಡಿ” ಎಂದೆ. ಹಿಂದಿನ ವಾರವೂ ಎರಡು ದಿನ ರಜಾ ಹಾಕಿದ್ದರಲ್ಲ, ಅದಕ್ಕೆ. ಮಧ್ಯಾಹ್ನ ಲಿಫ್ಟ್ ರಿಪೇರಿಗೆ ಹೋದಲ್ಲಿ ಏಳನೆಯ ಮಹಡಿಯಿಂದ ಬಿದ್ದ ಸುದ್ದಿ ಬಂತು. ನಾನು ಈ ಕೋರ್ಸಿಗೆ ಯಾಕೆ ಸೇರಿದೆ ಎಂದು ನೀವು ಕೇಳಿದ್ದಿರಿ, ಆಗ ಹೇಳಲಾಗಲಿಲ್ಲ. ತಲೆ ಸುತ್ತುತ್ತದೆ ಎಂದು ಯಾರಾದರೂ ಹೇಳಿದರೆ ಏನು ಮಾಡಬೇಕೆಂದು ಕಲಿಯಲು ಸೇರಿದೆ. ನಿಮ್ಮ ಹೊರತು ಯಾರಿಗೂ ಇದನ್ನು ಹೇಳಿಲ್ಲ.

ನಿಮ್ಮ ಚಿಕ್ಕ ಸೊಸೆ

—

ಸೆಪ್ಟೆಂಬರ್ ೧೬

ಚಿಕ್ಕ ಸೊಸೆಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಆಮೇಲೆ ನಿನ್ನ ಭಾವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವನು ತಟ್ಟೆ ಬಿಟ್ಟು ಎದ್ದುಹೋದ. ನಿನ್ನ ಓರಗಿತ್ತಿ ಮಾತ್ರ “ಪಾಪ, ಅವಳಿಗೇನು ಗೊತ್ತಿತ್ತು” ಎಂದಳು. ಅವಳದು ಮೊದಲಿನಿಂದಲೂ ಹಾವಿಗೆ ಹಾಲೆರೆಯುವ ಜಾತಿ.

ನನ್ನ ಮಗ ಕಾಲು ಜಾರುವವನಲ್ಲ ಎಂದು ಒಂದೂವರೆ ವರ್ಷದಿಂದ ಬಡಿದುಕೊಂಡೆ. ಹೆತ್ತವಳ ಹುಚ್ಚು ಎಂದಿರಿ ಎಲ್ಲರೂ. ಈಗ ನೀನೇ ಇಂಕಿನಲ್ಲಿ ಬರೆದು, ಸಹಿ ಹಾಕಿ, ಅಂಚೆಗೆ ಹಾಕಿದ್ದೀಯೆ. ಉಪಕಾರವಾಯಿತು.

ಕಾಗದವನ್ನು ತಗಡಿನ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ಬುಗುರಿಗೆ ಓದು ಬಂದ ದಿನ ಅವಳ ಕೈಗೆ ಕೊಡುತ್ತೇನೆ. ರಿಜಿಸ್ಟರ್ ಅಂಚೆ ಎಂದು ತಿಳಿ. ವಿಳಾಸದಾರರಿಗೇ ಮುಟ್ಟಬೇಕು.

ಮಗು ಚೆನ್ನಾಗಿದೆ. ನಿನ್ನ ಸುದ್ದಿ ಎತ್ತುವುದಿಲ್ಲ.

ನಿನ್ನ ಗಂಡನ ತಾಯಿ

—

ಜನವರಿ ೪

ಅತ್ತೆಯವರಿಗೆ ನಮಸ್ಕಾರ.

ವಾಪಸ್ಸು ತಲುಪಿದೆ. ಹೇಳದೆ ಬಂದದ್ದಕ್ಕೆ ನಿಮಗೆ ಸಿಟ್ಟು ಬಂದಿದೆ, ಗೊತ್ತು. ಕೇಳಿದ್ದರೆ ಬರಬೇಡ ಎನ್ನುತ್ತಿದ್ದಿರಿ.

ಬಾಗಿಲಲ್ಲಿ ನನ್ನನ್ನು ನೋಡಿ ಬುಗುರಿ ಅಕ್ಕನ ಹಿಂದೆ ಬಚ್ಚಿಟ್ಟುಕೊಂಡಳು. ಏಳು ತಿಂಗಳಾಯಿತಲ್ಲ, ನಾಚಿಕೆ ಎಂದುಕೊಂಡೆ. ಆಗ ನೀವು ಒಳಗಿನಿಂದ ಬಂದು ಏನೆಂದಿರಿ? “ಹೆದ್ರಬೇಡ ಪುಟ್ಟಾ, ಚಿಕ್ಕಮ್ಮ ಬಂದಿದಾಳೆ, ನಮಸ್ಕಾರ ಹೇಳು.” ಅವಳು ಕೈ ಜೋಡಿಸಿದಳು. ಅಕ್ಕನ ಸೀರೆ ಜಗ್ಗಿ “ಅಮ್ಮಾ, ಚಿಕ್ಕಮ್ಮ ಯಾವಾಗ ಹೋಗ್ತಾಳೆ?” ಎಂದು ಕೇಳಿದಳು. ಅಕ್ಕ ನನ್ನ ಮುಖ ನೋಡಲಿಲ್ಲ.

ಮೂರು ದಿನ ಇದ್ದೆ. ಒಂದು ಸಲವೂ ನನ್ನ ಪಕ್ಕದಲ್ಲಿ ಮಲಗಲಿಲ್ಲ. ಅತ್ತೆ, ನನ್ನ ಮೇಲಿನ ಸಿಟ್ಟನ್ನು ನನ್ನ ಮೇಲೇ ತೀರಿಸಿಕೊಳ್ಳಿ, ಎದುರು ಮಾತಾಡುವುದಿಲ್ಲ. ಮಗುವಿನ ಬಾಯಿಂದ ತೀರಿಸಿಕೊಳ್ಳಬೇಡಿ.

ನಿಮ್ಮ ಚಿಕ್ಕ ಸೊಸೆ

—

ಜನವರಿ ೧೫

ಚಿಕ್ಕ ಸೊಸೆಗೆ,

‘ಅಮ್ಮಾ’ ಎಂದು ಕೂಗಿದಾಗ ಒಲೆ ಆರಿಸಿ ಓಡಿ ಬರುವವಳು ಅಮ್ಮ. ಇದು ನಾನು ಕಲಿಸಿದ ಪಾಠವಲ್ಲ, ಮಗು ತಾನೇ ಕಲಿತದ್ದು. ನಿನ್ನ ಓರಗಿತ್ತಿ ಮೂರು ಸಲ ಬಸುರಾಗಿ ಮೂರೂ ಸಲ ಬರಿಗೈಯಲ್ಲಿ ಮನೆಗೆ ಬಂದವಳು. ಅವಳನ್ನು ಅಮ್ಮ ಎಂದರೆ ನಿನ್ನ ಗಂಟೇನು ಹೋಯಿತು?

ಆದರೂ ನಾನು ಅನ್ಯಾಯದವಳಲ್ಲ. ನಿನಗೆ ಕೆಲಸ ಸಿಗಲಿ. ಮುದ್ರೆ ಒತ್ತಿದ ನೇಮಕ ಪತ್ರ ತಂದು ನನ್ನ ಮೇಜಿನ ಮೇಲಿಡು, ಅವತ್ತೇ ಮಗುವನ್ನು ಕಳಿಸಿಕೊಡುತ್ತೇನೆ. ಅಲ್ಲಿಯವರೆಗೆ ಈ ಹೊಸ್ತಿಲು ತುಳಿಯಬೇಡ. ಗಾಯದ ಹಕ್ಕಳೆಯನ್ನು ದಿನಾ ಕಿತ್ತು ನೋಡಿದರೆ ಗಾಯ ಮಾಯುವುದಿಲ್ಲ. ನಿಮ್ಮ ಕಾಲೇಜಿನಲ್ಲಿ ಇಷ್ಟಾದರೂ ಹೇಳಿಕೊಟ್ಟಿರಬೇಕು.

ನಿನ್ನ ಅತ್ತೆ

—

ಜೂನ್ ೧೧

ಅತ್ತೆಯವರಿಗೆ ನಮಸ್ಕಾರ.

ಕೋರ್ಸು ಮುಗಿದು ಎರಡು ತಿಂಗಳಾಯಿತು. ತರಗತಿಗೆ ಎರಡನೆಯವಳಾಗಿ ಪಾಸಾದೆ. ರಕ್ತ ತೆಗೆಯುವುದರಲ್ಲಿ ಮೊದಲನೆಯವಳು. ನಮ್ಮ ನಮ್ಮ ತೋಳನ್ನೇ ಚುಚ್ಚಿಕೊಂಡು ಕಲಿತದ್ದು, ನನ್ನ ಎಡಗೈಯ ಹಸಿರು ಮಾಯಲು ವಾರಗಳೇ ಬೇಕಾದವು.

ಕೆಲಸ ಸಿಕ್ಕಿಲ್ಲ. ಕೆಲಸ ಕೊಡಿಸುವ ಸಾರ್ ಹೋದಾಗಲೆಲ್ಲ “ಹೊಸ ಬ್ಯಾಚ್ ಅಡ್ಮಿಶನ್ ನಡೀತಿದೆ, ಆಮೇಲೆ ಬನ್ನಿ” ಎನ್ನುತ್ತಾರೆ. ದೊಡ್ಡ ಆಸ್ಪತ್ರೆಯಲ್ಲಿ ಅರ್ಜಿಯನ್ನು ಕಿಟಕಿಯಲ್ಲೇ ವಾಪಸ್ಸು ಕೊಟ್ಟರು. “ಡಿಗ್ರಿ ಮಾಡಿರೋ ನರ್ಸ್‌ಗಳೇ ಸಾಲಲ್ಲಿ ನಿಂತಿದಾರೆ, ನಿಮ್ಮನ್ನ ತಗೊಂಡು ಏನ್ಮಾಡ್ಲಿ?” ಹಲ್ಲಿನ ಡಾಕ್ಟರೊಬ್ಬರು ತಗೊಂಡರು. ಒಂಬತ್ತು ದಿನ ಅವರ ಮನೆಯ ನಾಯಿಗೆ ಸ್ನಾನ ಮಾಡಿಸಿ, ಮಹಡಿ ಒರೆಸಿ, ಹತ್ತನೆಯ ದಿನ ಉಪಕರಣ ಯಾವಾಗ ಮುಟ್ಟಲಿ ಎಂದು ಕೇಳಿದೆ. ಬರಬೇಡ ಎಂದರು. ಇನ್ನೊಂದು ಕಡೆ ಚರ್ಮದ ಕ್ಲಿನಿಕ್ಕು. “ಮಕ್ಕಳಿದಾರಾ? ಮಕ್ಕಳಿರೋರು ರಜಾ ಜಾಸ್ತಿ ಹಾಕ್ತಾರೆ” ಎಂದರು. ಅಲ್ಲಿ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ಬರೆದದ್ದೆಲ್ಲ ನಿಮ್ಮ ಡಬ್ಬಿ ಸೇರುತ್ತದೆ. ಆ ಉತ್ತರ ಕೊಟ್ಟರೂ ಕೆಲಸ ಸಿಗಲಿಲ್ಲ.

ಇದರ ಜೊತೆ ಕಾಲೇಜಿನ ಹೊಸ ಜಾಹೀರಾತು ಹಾಳೆ ಇದೆ. ಅದರಲ್ಲಿ ಬಿಳಿ ಕೋಟು ಹಾಕಿ ನಗುತ್ತಿರುವವಳು ನಾನೇ. ‘ಕೆಲಸ ಪಡೆದ ನಮ್ಮ ವಿದ್ಯಾರ್ಥಿನಿ’ ಎಂದು ಕೆಳಗೆ ಅಚ್ಚು ಹಾಕಿಸಿದ್ದಾರೆ. ಫೋಟೋಗೆ ನಿಂತರೆ ಒಂದು ಇಂಟರ್ವ್ಯೂ ಕೊಡಿಸುತ್ತೇನೆ ಎಂದು ಸಾರ್ ಹೇಳಿದ್ದರು. ಕೋಟು ಬಿಚ್ಚಿಸಿಕೊಂಡ ಮೇಲೆ ಮರೆತರು. ಬುಗುರಿಗೆ ಫೋಟೋ ತೋರಿಸಿ, ಅಷ್ಟು ಸಾಕು.

ನಿಮ್ಮ ಚಿಕ್ಕ ಸೊಸೆ

—

ಜೂನ್ ೨೪

ಚಿಕ್ಕ ಸೊಸೆಗೆ,

ಫೋಟೋ ತೋರಿಸಿದೆ. ಯಾರಿದು ಎಂದು ಕೇಳಿದೆ. “ಡಾಕ್ಟ್ರು ಆಂಟಿ” ಎಂದಿತು. ಸೂಜಿ ಚುಚ್ಚುತ್ತಾಳಾ ಎಂದು ಹೆದರಿ ಹಾಳೆಯನ್ನು ಮಗುಚಿಟ್ಟಿತು.

ಕೆಲಸವಿಲ್ಲದವಳು ಕೆಲಸ ಸಿಕ್ಕಿತೆಂದು ಹಲ್ಲು ಕಿರಿದು ನಿಂತಿದ್ದೀಯಲ್ಲ, ಅದನ್ನು ನೋಡಿ ನಿನ್ನಂಥವರು ಇನ್ನೂ ಎಷ್ಟು ಜನ ಬಂದು ಸೇರುತ್ತಾರೋ. ಸುಳ್ಳಿಗೆ ನಿನ್ನ ಮುಖ ಚೆನ್ನಾಗಿ ಒಪ್ಪುತ್ತದೆ.

ನಿನ್ನ ಅತ್ತೆ

—

ಆಗಸ್ಟ್ ೧೯

ಅತ್ತೆಯವರಿಗೆ ನಮಸ್ಕಾರ.

ಕೆಲಸ ಸಿಕ್ಕಿದೆ. ನೇಮಕ ಪತ್ರದ ನಕಲು ಇದರೊಳಗಿದೆ, ಮುದ್ರೆಯೂ ಇದೆ, ನೋಡಿಕೊಳ್ಳಿ.

ಮಕ್ಕಳ ಕ್ಲಿನಿಕ್ಕು. ಚಪ್ಪಲಿ ರಿಪೇರಿ ಅಂಗಡಿಗೂ ಬೀಗದ ಕೈ ಮಾಡುವವನ ಅಂಗಡಿಗೂ ನಡುವೆ ಮೂರು ಕೋಣೆ. ಡಾಕ್ಟರ್ ಅರವತ್ತು ದಾಟಿದ ಹೆಂಗಸು, ಮಾತು ಕಡಿಮೆ. ನಾನು ಇಂಟರ್ವ್ಯೂಗೆ ಹೋದಾಗ ಒಬ್ಬ ಪುಟ್ಟ ಹುಡುಗಿ ತೂಕದ ಯಂತ್ರ ಹತ್ತುವುದಿಲ್ಲವೆಂದು ನೆಲಕ್ಕೆ ಬಿದ್ದು ಚೀರುತ್ತಿದ್ದಳು. ಯಾರೂ ಹೇಳದೆಯೇ ನಾನು ಹೋಗಿ ಯಂತ್ರದ ಮೇಲೆ ನಿಂತು, ಮುಳ್ಳು ನೋಡಿ “ಅಯ್ಯೋ, ಆನೆ ಮರಿ!” ಎಂದೆ. ಅವಳು ಅಳು ನಿಲ್ಲಿಸಿ ತಾನೂ ಹತ್ತಿದಳು. ಡಾಕ್ಟರ್ ಕನ್ನಡಕದ ಮೇಲಿಂದ ನೋಡಿ “ಮಕ್ಕಳಿದಾರಾ?” ಎಂದರು. ಈ ಸಲ ಇದ್ದಾಳೆ ಎಂದೆ. “ಅದಕ್ಕೇ. ನಾಳೆ ಎಂಟಕ್ಕೆ ಬಾ” ಎಂದರು.

ತೂಕ, ಎತ್ತರ, ಜ್ವರ ಬರೆದುಕೊಳ್ಳುತ್ತೇನೆ. ಲಸಿಕೆಯ ಫ್ರಿಜ್ಜು ಎಷ್ಟು ತಣ್ಣಗಿದೆ ಎಂದು ದಿನಕ್ಕೆ ಎರಡು ಸಲ ನೋಡಿ ಬರೆಯುವುದು ನನ್ನ ಹೊಣೆ. ಒಂದು ದಿನವೂ ತಪ್ಪಿಲ್ಲ.

ಮಾತು ನಿಮ್ಮದು, ಪತ್ರ ನನ್ನದು. ಅಕ್ಟೋಬರ್ ಮೊದಲ ಭಾನುವಾರ ಬರುತ್ತೇನೆ. ಬುಗುರಿಯ ಬಟ್ಟೆ ಕಟ್ಟಿಡಿ.

ನಿಮ್ಮ ಚಿಕ್ಕ ಸೊಸೆ

—

ಸೆಪ್ಟೆಂಬರ್ ೨೧

ತಂಗಿ,

ಅತ್ತೆ ನಿನಗೆ ಉತ್ತರ ಬರೆಯುವುದಿಲ್ಲ. ಅವರಿಗೆ ತಿಳಿಯದ ಹಾಗೆ ನಾನು ಬರೆಯುತ್ತಿದ್ದೇನೆ. ಬೇಕರಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಬ್ರೆಡ್ಡು ಸುತ್ತುವ ಕಾಗದದ ಮೇಲೆ. ತಪ್ಪು ತಿಳಿಯಬೇಡ.

ಮಗುವನ್ನು ಶಾಲೆಗೆ ಸೇರಿಸಿದೆವು. ಅರ್ಜಿಯಲ್ಲಿ ತಾಯಿಯ ಹೆಸರು ಎಂಬಲ್ಲಿ ಅತ್ತೆ ನನ್ನ ಹೆಸರು ಬರೆದರು. ನಾನು ಪಕ್ಕದಲ್ಲೇ ನಿಂತಿದ್ದೆ. ತಡೆಯಲಿಲ್ಲ. ನಿನ್ನ ಹತ್ತಿರ ಸುಳ್ಳು ಯಾಕೆ? ನನಗೆ ಅದು ಬೇಕಾಗಿತ್ತು. ಮನೆಗೆ ಬಂದು ಆ ಅರ್ಜಿಯ ನಕಲನ್ನು ಎಷ್ಟು ಸಲ ನೋಡಿಕೊಂಡೆನೋ ಲೆಕ್ಕವಿಲ್ಲ.

ನೀನು ಮಗುವಿಗೆ ಬರೆದ ಕಾಗದಗಳಲ್ಲಿ ಒಂದನ್ನೂ ಅತ್ತೆ ಓದಿ ಹೇಳಿಲ್ಲ. ಎಲ್ಲವೂ ತಗಡಿನ ಡಬ್ಬಿಯಲ್ಲಿವೆ, ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದಾರೆ. ನಿನ್ನ ನೇಮಕ ಪತ್ರವೂ ಅದರಲ್ಲೇ ಇದೆ. ನಿನಗೆ ಕೊಟ್ಟ ಮಾತನ್ನು ನಡೆಸುವ ಯೋಚನೆ ಅವರಿಗೆ ಯಾವತ್ತೂ ಇರಲಿಲ್ಲ. “ಅವ್ಳಿಗೆ ಎಲ್ಲಿ ಕೆಲ್ಸ ಸಿಗುತ್ತೆ ಅಂದ್ಕೊಂಡಿದ್ದೆ” ಎಂದರು.

ತಂಗಿ, ಬರುವುದಿದ್ದರೆ ಈಗಲೇ ಬಾ. ಇಲ್ಲವಾದರೆ ಎಂದಿಗೂ ಬರಬೇಡ. ಎರಡರ ಮಧ್ಯೆ ಬದುಕಲು ನನ್ನಿಂದ ಆಗುತ್ತಿಲ್ಲ.

ನಿನ್ನ ಅಕ್ಕ

—

ಅಕ್ಟೋಬರ್ ೧೨

ಸೊಸೆಯಲ್ಲದವಳಿಗೆ,

ಪೊಲೀಸರನ್ನು ಕರೆದುಕೊಂಡು ನನ್ನ ಮನೆಗೆ ಬಂದೆ. ಮಗುವಿನ ಜನನ ಪತ್ರ, ನೇಮಕ ಪತ್ರ ಎರಡನ್ನೂ ಅವರ ಮುಂದೆ ಹಿಡಿದೆ. ಅವರು ಕಾನೂನು ಹೇಳಿದರು, ನಾನು ಬಾಯಿ ಮುಚ್ಚಿಕೊಂಡೆ. ಕಾಗದದ ಬೆಲೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದರೆ ಆಮೇಲಿನದನ್ನು ನಾನು ಕಣ್ಣಾರೆ ನೋಡಿದೆ, ಅದಕ್ಕೆ ಬರೆಯುತ್ತಿದ್ದೇನೆ. ಮಗು ಗೇಟಿನ ಕಂಬಿ ಹಿಡಿದುಕೊಂಡು “ಅಮ್ಮಾ, ನಾನು ಜಾಣೆ ಆಗಿರ್ತೀನಿ, ಕಳಿಸಬೇಡ” ಎಂದು ನಿನ್ನ ಓರಗಿತ್ತಿಯನ್ನು ಕೂಗುತ್ತಿತ್ತು. ನೀನು ಕೂಗಲಿಲ್ಲ, ಹೊಡೆಯಲಿಲ್ಲ. ಮಂಡಿಯೂರಿ ಕೂತು, ಅದರ ಬೆರಳುಗಳನ್ನು ಕಂಬಿಯಿಂದ ಒಂದೊಂದಾಗಿ ಬಿಡಿಸಿದೆ. ಕಿರುಬೆರಳಿನಿಂದ ಶುರುಮಾಡಿದೆ. ಎಷ್ಟು ನಾಜೂಕು! ಮಗುವಿನ ಕೈ ಬಿಡಿಸುವುದನ್ನೂ ನಿಮ್ಮ ಕಾಲೇಜಿನಲ್ಲಿ ಹೇಳಿಕೊಡುತ್ತಾರಾ?

ನಿನ್ನ ಓರಗಿತ್ತಿ ಅವತ್ತಿನಿಂದ ಬೇಕರಿಗೆ ಹೋಗಿಲ್ಲ. ನನ್ನ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನ ಜೀವ ತೆಗೆದೆ, ಇನ್ನೊಬ್ಬನ ಮನೆ ಹಾಳು ಮಾಡಿದೆ. ಈಗ ಸಮವಾಯಿತು ಎಂದುಕೊಂಡು ಹೊಟ್ಟೆ ತುಂಬ ಉಣ್ಣು.

ಅಂಚೆ ಕಚೇರಿಯ ಮುದುಕಿ

—

ನವೆಂಬರ್ ೫

ತಂಗಿ,

ನಿನ್ನ ಮೇಲೆ ಸಿಟ್ಟಿಲ್ಲ. ಬಾ ಎಂದು ಬರೆದವಳು ನಾನೇ.

ಬುಗುರಿಯ ಬಗ್ಗೆ ನಿನಗೆ ಗೊತ್ತಿರದ ಕೆಲವು ಸಂಗತಿಗಳಿವೆ, ಬರೆಯುತ್ತೇನೆ. ಈಗ ಹಾಲಿಗೆ ಸಕ್ಕರೆ ಹಾಕಿದರೆ ಕುಡಿಯುವುದಿಲ್ಲ. ಕಿವಿ ಹಿಡಿದು ಮಲಗುವುದನ್ನು ಬಿಟ್ಟು ಒಂದು ವರ್ಷವಾಯಿತು. ಈಗ ಬೆನ್ನು ತಟ್ಟಬೇಕು, ನಿಧಾನವಾಗಿ, ನಿಲ್ಲಿಸಿದರೆ ಎದ್ದುಬಿಡುತ್ತಾಳೆ. ತಲೆ ಬಾಚುವಾಗ ಬಲಗಡೆ ಸಿಕ್ಕು ಜಾಸ್ತಿ, ತುದಿಯಿಂದ ಬಿಡಿಸು. ಸುಳ್ಳು ಹೇಳುವಾಗ ಮೂಗು ಉಜ್ಜಿಕೊಳ್ಳುತ್ತಾಳೆ. ಬಯ್ಯಬೇಡ, ನೀನೂ ಮೂಗು ಉಜ್ಜಿಕೊ, ನಕ್ಕುಬಿಡುತ್ತಾಳೆ.

ನನ್ನನ್ನು ನೆನೆದು ಅಮ್ಮ ಎಲ್ಲಿ ಎಂದು ಕೇಳಿದರೆ ಹೊಡೆಯಬೇಡ. ಅದು ಅವಳ ತಪ್ಪಲ್ಲ, ನನ್ನದು.

ತಿಂಗಳಿಗೆ ಒಂದು ಸಲ ಬಂದು ನೋಡಿಕೊಂಡು ಹೋಗಲಾ? ಬೆಳಿಗ್ಗೆ ಬಂದು ಸಂಜೆ ಹೊರಟುಬಿಡುತ್ತೇನೆ. ನಿನ್ನ ಕ್ಲಿನಿಕ್ಕಿನ ಹೊರಗೆ, ರಸ್ತೆಯ ಆಚೆ ಬದಿಯಿಂದ ನೋಡು ಎಂದರೂ ಸರಿ.

ಅಕ್ಕ

—

ನವೆಂಬರ್ ೨೪

ಅಕ್ಕನಿಗೆ ನಮಸ್ಕಾರ.

ನಿಮ್ಮ ಕಾಗದ ಬಂದು ಎರಡು ವಾರವಾಯಿತು. ಹಾಲಿಗೆ ಸಕ್ಕರೆ ಹಾಕುವುದನ್ನು ಬಿಟ್ಟೆ, ಕುಡಿದಳು. ಬೆನ್ನು ತಟ್ಟುತ್ತೇನೆ, ಮಲಗುತ್ತಾಳೆ. ಅವಳ ಮೂಗಿನ ಕತೆ ನೀವು ಹೇಳಿರದಿದ್ದರೆ ನೆಗಡಿ ಎಂದುಕೊಂಡು ಔಷಧಿ ಕೊಡುತ್ತಿದ್ದೆನೇನೋ. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಚಿತ್ರ ಬರೆಯುತ್ತಾಳೆ. ಎಲ್ಲ ಚಿತ್ರದಲ್ಲೂ ಒಂದು ಗೇಟು ಇರುತ್ತದೆ.

ಹೋದ ಗುರುವಾರ ಅವಳಿಗೆ ಬಾಕಿಯಿದ್ದ ಲಸಿಕೆ ಹಾಕಿಸಿದೆ. ಡಾಕ್ಟರ್ ಚುಚ್ಚಿದರು, ನಾನು ಮಡಿಲಲ್ಲಿ ಕೂರಿಸಿಕೊಂಡಿದ್ದೆ. ದಿನಕ್ಕೆ ಹತ್ತಾರು ಮಕ್ಕಳಿಗೆ “ಅಮ್ಮನ ಕೈ ಗಟ್ಟಿಯಾಗಿ ಹಿಡ್ಕೊ ಕಂದಾ, ಆಗೇ ಹೋಯ್ತು” ಎನ್ನುವ ಬಾಯಿ ಇದು. ಅವಳಿಗೆ ಹೇಳಲು ಬರಲಿಲ್ಲ. ಅವಳು ನನ್ನ ಕೈ ಬಿಟ್ಟು ಕುರ್ಚಿಯ ಹಿಡಿ ಹಿಡಿದುಕೊಂಡಳು. ಅಳಲೂ ಇಲ್ಲ. ಡಾಕ್ಟರ್ “ಗಟ್ಟಿ ಮಗು” ಎಂದರು.

ನೀವು ಬರುವುದು ಬೇಡ ಅಕ್ಕಾ. ರಸ್ತೆಯ ಆಚೆ ಬದಿಗೂ ಬೇಡ. ನಿಮ್ಮನ್ನು ಕಂಡರೆ ಅವಳು ಏನೆಂದು ಕೂಗಿಕೊಂಡು ಓಡುತ್ತಾಳೆ ಎಂದು ನನಗೆ ಗೊತ್ತು. ಅದನ್ನು ನಿಂತು ಕೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಆ ಮನೆಯಲ್ಲಿ ನನ್ನ ಪರವಾಗಿ ಬಾಯಿ ತೆರೆದವರು ನೀವೊಬ್ಬರೇ. ಅದಕ್ಕೇ ನಿಮ್ಮನ್ನು ಕಂಡರೆ ಭಯ. ಅತ್ತೆಯನ್ನಾದರೆ ದ್ವೇಷಿಸಿಕೊಂಡು ಬದುಕಬಹುದು, ನಿಮ್ಮನ್ನು ಹಾಗೆ ಮಾಡಲಾಗುವುದಿಲ್ಲ. ನಾನು ಕೋಣೆ ಬದಲಾಯಿಸುತ್ತಿದ್ದೇನೆ. ಹೊಸ ವಿಳಾಸ ಬರೆದಿಲ್ಲ. ಡಾಕ್ಟರಿಗೂ ಹೇಳಿದ್ದೇನೆ, ಕ್ಲಿನಿಕ್ಕಿಗೆ ಬಂದ ಕಾಗದಗಳನ್ನು ಅವರು ಹಿಂದಕ್ಕೆ ಕಳಿಸುತ್ತಾರೆ.

ಅವಳು ಇನ್ನೂ ನನ್ನನ್ನು ಯಾವ ಹೆಸರಿನಿಂದಲೂ ಕರೆಯುವುದಿಲ್ಲ. “ಬಾಗಿಲು ತೆಗಿ” ಎನ್ನುತ್ತಾಳೆ. “ನೀರು ಕೊಡು” ಎನ್ನುತ್ತಾಳೆ.

ಬಾಗಿಲು ತೆಗೆಯುತ್ತೇನೆ. ನೀರು ಕೊಡುತ್ತೇನೆ.

ಬುಗುರಿಯ ತಾಯಿ